ಶ್ರೀರಂಗಪಟ್ಟಣದಲ್ಲಿ ಮನೆ ಮಾಡ್ಬೇಕು ಅಂತಿದ್ರೆ ಮೊದ್ಲು ಇದನ್ನ ಓದ್ಕೊಳಿ

ಮೈಸೂರಲ್ಲಿ ಕೆಲ್ಸ, ಆಗಾಗ ಬೆಂಗ್ಳೂರು ಆಫೀಸಿಗೆ ಹೋಗಿ ಮುಖ ತೋರಿಸ್ಬೇಕು, ಆದ್ರೆ ಮನೆ ಮಾತ್ರ ಹೊಳೆ ಪಕ್ಕ ಕೋಟೆ ಒಳಗಡೆ ಇರ್ಲಿ ಅಂತ ಆಸೆ. ನಾನೂ ಹಂಗೇ ಬಂದೋನು. ಈಗ ಯಾರಾದ್ರೂ ಕೇಳಿದ್ರೆ ಮೊದ್ಲು ಹೇಳೋದು ಒಂದೇ, ಬಂದ ತಕ್ಷಣ ಕೊಂಡ್ಕೋಬೇಡಿ, ಒಂದು ವರ್ಷ ಬಾಡಿಗೆಗಿರಿ. ಒಂದು ಮಳೆಗಾಲ, ಒಂದು ಮಹಾಲಯ ಅಮಾವಾಸ್ಯೆ, ಒಂದು ದಸರಾ ಇಷ್ಟೂ ನೋಡ್ಬಿಟ್ಟು ಆಮೇಲೆ ಅಡ್ವಾನ್ಸ್ ಮಾತು.

ಯಾಕಂದ್ರೆ ಈ ಊರು ದ್ವೀಪ. ಎರಡೂ ಕಡೆ ಕಾವೇರಿ. ಕೆಆರ್‌ಎಸ್ 124.80 ಅಡಿ ತುಂಬಿ ಮೇಲಿಂದ ನೀರು ಬರ್ತಾನೇ ಇದ್ರೆ ಗೇಟ್ ತೆಗೀತಾರೆ, ಹೊರಹರಿವು 1 ಲಕ್ಷ ಕ್ಯೂಸೆಕ್ ಹತ್ರ ಬಂತು ಅಂದ್ರೆ ಸ್ನಾನಘಟ್ಟ ಮುಳುಗತ್ತೆ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ ಹತ್ರ ಬ್ಯಾರಿಕೇಡ್ ಹಾಕ್ತಾರೆ. ಏಜೆಂಟು ಬೇಸಿಗೇಲಿ ಕರ್ಕೊಂಡ್ಹೋಗಿ "ರಿವರ್ ವ್ಯೂ ಸಾರ್" ಅಂತ ತೋರಿಸ್ತಾನಲ್ಲ, ಆ ಸೈಟು ಆಗಸ್ಟಲ್ಲಿ ಹೆಂಗಿರತ್ತೆ ಅಂತ ಪಕ್ಕದ ಗದ್ದೆಯವ್ರನ್ನ ಕೇಳಿ, 2018, 2019ರಲ್ಲಿ ನೀರು ಎಲ್ಲಿವರ್ಗೂ ಬಂದಿತ್ತು ಅಂತ ಕೈ ಮಾಡಿ ತೋರಿಸ್ತಾರೆ.

ಇನ್ನು ಕೊಳ್ಳೋ ವಿಷ್ಯ. ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಊರಲ್ಲಿ ಎತ್ತ ಹೋದ್ರೂ ಒಂದು ಸಂರಕ್ಷಿತ ಸ್ಮಾರಕ ಎದುರಾಗತ್ತೆ, ರಂಗನಾಥಸ್ವಾಮಿ ದೇವಸ್ಥಾನ, ಜಾಮಿಯಾ ಮಸೀದಿ, ಕರ್ನಲ್ ಬೇಲಿ ಬಂದೀಖಾನೆ, ದರಿಯಾ ದೌಲತ್. ಕೇಂದ್ರ ಪುರಾತತ್ವ ಇಲಾಖೆ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟಂಗೇ ಇಲ್ಲ, ಅದ್ರಾಚೆ ಇನ್ನೂ 200 ಮೀಟರ್, ಅಂದ್ರೆ ಒಟ್ಟು 300 ಮೀಟರ್‌ವರ್ಗೂ ಕಟ್ಬೇಕಂದ್ರೆ ಪರ್ಮಿಷನ್ ಬೇಕು, ಇದು ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದ್ಮೇಲೆ ತುಂಬಾ ಬಿಗಿಯಾಗಿದೆ. ಇರೋ ಮನೆ ರಿಪೇರಿ ಮಾಡ್ಸೋಕೂ ಅರ್ಜಿ ಹಾಕ್ಬೇಕು. "ಎಲ್ಲಾರೂ ಕಟ್ಟಿದಾರೆ ಸಾರ್, ಏನಾಗಲ್ಲ" ಅನ್ನೋರ ಮಾತು ನಂಬ್ಬೇಡಿ, ನೋಟಿಸ್ ಬರೋದು ನಿಮ್ಮ ಹೆಸ್ರಿಗೆ. ಅಡ್ವಾನ್ಸ್ ಕೊಡೋಕೆ ಮುಂಚೆ ಪುರಸಭೆಯ ಇ-ಖಾತಾ, ಇಸಿ (ಋಣಭಾರ ಪತ್ರ), ಜೊತೆಗೆ ಜಾಗ ಯಾವ ಸ್ಮಾರಕದಿಂದ ಎಷ್ಟು ದೂರ ಇದೆ ಅನ್ನೋದನ್ನ ಅಳತೆ ಸಮೇತ ನೋಡ್ಕೊಳಿ. ಹೊಸದಾಗಿ ಕಟ್ಟೋ ಆಸೆ ಇದ್ರೆ ಕೋಟೆ ಬಿಟ್ಟು ಹೊಳೆ ಆಚೆ ಹುಡ್ಕೋದೇ ವಾಸಿ ಅಂತ ನನ್ನ ಅಭಿಪ್ರಾಯ.

ಹಳೇ ಹಂಚಿನ ಮನೆ ಸಿಕ್ರೆ ಅದೃಷ್ಟ, ಆದ್ರೆ ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಸ್ಬೇಡಿ. ಗೋಡೆ ಒಳಗಿನ ತೇವ ಹೊರಗೆ ಬರೋಕೆ ದಾರಿ ಇಲ್ದೆ ಎರಡು ಮಳೆಗಾಲಕ್ಕೆ ಉಬ್ಬಿ ಚಕ್ಕೆ ಚಕ್ಕೆಯಾಗಿ ಉದುರತ್ತೆ, ನಾನು ಮಾಡ್ಸಿ ದುಡ್ಡು ಕಳ್ಕೊಂಡಿದೀನಿ. ಸುಣ್ಣದ ಗಾರೆ ಕೆಲ್ಸ ಗೊತ್ತಿರೋ ಮೇಸ್ತ್ರಿ ಸಿಗೋವರ್ಗೂ ಕಾಯಿರಿ. ಮಳೆಗೆ ಮುಂಚೆ ಒಂದ್ಸಲ ಹಂಚು ಕೈಯಾಡ್ಸಿ ಒಡೆದಿದ್ದನ್ನ ಬದಲಾಯ್ಸಿ, ಅಷ್ಟು ಸಾಕು.

ಓಡಾಟ ಮಾತ್ರ ಆರಾಮ. ಮೈಸೂರು ಹದಿನೈದು ಕಿಲೋಮೀಟ್ರು ಆಸುಪಾಸು, ಬಸ್ಸು ಬರ್ತಾನೇ ಇರತ್ತೆ, ಕರ್ನಾಟಕದ ಅಡ್ರೆಸ್ ಇರೋ ಐಡಿ ಇದ್ರೆ ಹೆಂಗಸ್ರಿಗೆ ಶಕ್ತಿ ಯೋಜನೇಲಿ ಟಿಕೆಟ್ಟೂ ಇಲ್ಲ. ಬೆಂಗ್ಳೂರಿಗೆ ಟ್ರೈನೇ ಸರಿ, ಸ್ಟೇಷನ್ ಊರೊಳಗೇ ಇದೆ, ಆದ್ರೆ ಶತಾಬ್ದಿ, ವಂದೇ ಭಾರತ್ ಥರದವು ಇಲ್ಲಿ ನಿಲ್ಲಲ್ಲ, ಮೆಮು ಪ್ಯಾಸೆಂಜರ್ ಟೈಮಿಂಗ್ ಬಾಯಿಪಾಠ ಮಾಡ್ಕೊಳಿ, ಇಲ್ಲಾಂದ್ರೆ ಮೈಸೂರಿಗೆ ಹೋಗಿ ಹತ್ತಿ. ಅಂದಹಾಗೆ ಇದೇ ಲೈನ್ ಡಬಲ್ ಮಾಡೋವಾಗ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡನೇ ಎತ್ತಿ ಪಕ್ಕಕ್ಕೆ ಸರಿಸಿದ್ರು, ಹೋಗಿ ನೋಡಿ ಬನ್ನಿ. ಕಾರಿರೋರಿಗೆ 2023ರಲ್ಲಿ ಓಪನ್ ಆದ ದಶಪಥ ಇದೆ, ಅದ್ರ ಮೇನ್ ರೋಡಲ್ಲಿ ಬೈಕು ಆಟೋ ಬಿಡಲ್ಲ, ಸ್ಕೂಟರಲ್ಲಿ ಹೋಗೋರು ಸರ್ವೀಸ್ ರೋಡೇ ಹಿಡೀಬೇಕು.

ಇಲ್ಲಿ ಬದುಕೋಕೆ ಪಂಚಾಂಗ ಬೇಕೇ ಬೇಕು, ತಮಾಷೆ ಅಲ್ಲ. ಅಮಾವಾಸ್ಯೆ ದಿನ ಗಂಜಾಂ ನಿಮಿಷಾಂಬ ದೇವಸ್ಥಾನಕ್ಕೆ ಜನ ಅಂದ್ರೆ ಜನ, ಮಹಾಲಯಕ್ಕೆ ಪಿತೃಕಾರ್ಯ ಮಾಡೋರೆಲ್ಲ ಪಶ್ಚಿಮವಾಹಿನಿ, ಸಂಗಮ ಅಂತ ಬಂದಿರ್ತಾರೆ, ಭಾನುವಾರ ಆದ್ರೆ ಟಿಪ್ಪು ಸಮಾಧಿ ಇರೋ ಗುಂಬಜ್ ನೋಡೋ ಟೂರಿಸ್ಟ್ ಬಸ್ಸು, ಪಶ್ಚಿಮವಾಹಿನಿ ಬಿಟ್ರೆ ಎಲ್ಲಾ ಹೆಚ್ಚುಕಮ್ಮಿ ಅದೇ ಒಂದು ರೋಡಲ್ಲಿ. ಅವತ್ತು ಗ್ಯಾಸು, ತರಕಾರಿ, ಆಸ್ಪತ್ರೆ ಅಪಾಯಿಂಟ್‌ಮೆಂಟ್ ಯಾವ್ದೂ ಇಟ್ಕೋಬೇಡಿ. ಸುತ್ತ ಗದ್ದೆ ನಾಲೆ ಇರೋದ್ರಿಂದ ಸೊಳ್ಳೆ ಜಾಸ್ತಿ, ಕಿಟಕಿಗೆಲ್ಲ ಮೆಶ್ ಹಾಕ್ಸಿ.

ಇನ್ನೊಂದು ಮರೆತಿದ್ದೆ. ಮೈಸೂರು ಪಕ್ಕದಲ್ಲೇ ಇದ್ರೂ ಊರು ಮಂಡ್ಯ ಜಿಲ್ಲೆಗೆ ಸೇರಿದ್ದು. ತಾಲೂಕು ಆಫೀಸು ಇಲ್ಲೇ ಇದೆ, ಆದ್ರೆ ಡಿಸಿ ಆಫೀಸಿಗೆ ಮಂಡ್ಯಕ್ಕೇ ಹೋಗ್ಬೇಕು, ಗಾಡಿ ನಂಬ್ರೂ ಕೆಎ 11. ದೇವಸ್ಥಾನದ ಬೀದೀಲಿ ಮನೆ ಮಾಡಿದ್ರೆ ರಥಸಪ್ತಮಿ ಹಿಂದಿನ ದಿನಾನೇ ಕಾರನ್ನ ಬೇರೆ ಕಡೆ ನಿಲ್ಲಿಸ್ಬಿಡಿ, ನನ್ನ ಕಾರು ಮೊದಲ್ನೇ ವರ್ಷ ತೇರಿಗೆ ಅಡ್ಡ ಬಂತು ಅಂತ ಹತ್ತು ಜನ ಸೇರಿ ಎತ್ತಿ ಜಗಲಿ ಪಕ್ಕಕ್ಕೆ ಇಟ್ಟಿದ್ರು.