ತಿಂದುಹೋದ ಬ್ಲಾಕ್, ಹೆಡ್ ಗ್ಯಾಸ್ಕೆಟ್ ಮತ್ತು ತಾಮ್ರದ ಸ್ಪ್ರೇ: ನನ್ನ ಅನುಭವ

ಸಿಲಿಂಡರುಗಳಿರುವ ಎಂಜಿನ್ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವೆ ಸೋರದಂತೆ ಇಡುವ ಹಾಳೆಯೇ ಹೆಡ್ ಗ್ಯಾಸ್ಕೆಟ್. ಅದನ್ನು ಒಣದಾಗಿಯೇ ಕೂರಿಸಬೇಕು, ಅದಕ್ಕೆ ಏನನ್ನಾದರೂ ಬಳಿಯುವವನಿಗೆ ಕೆಲಸ ಬರುವುದಿಲ್ಲ ಎಂಬ ಮಾತನ್ನು ಶಿವಮೊಗ್ಗದ ಗ್ಯಾರೇಜುಗಳಲ್ಲಿ ನಾನು ಪಾನಾ ಹಿಡಿದ ಕಾಲದಿಂದಲೂ ಕೇಳುತ್ತ ಬಂದಿದ್ದೇನೆ. ಬ್ಲಾಕಿನ ಮುಖ ನುಣುಪಾಗಿ, ಮಟ್ಟಸವಾಗಿ ಇರುವಲ್ಲಿ ಆ ಮಾತು ನಿಜವೇ. ಆದರೆ ನನ್ನಲ್ಲಿಗೆ ಬರುವವು ಹೊಸನಗರ, ತೀರ್ಥಹಳ್ಳಿ ಕಡೆಯ ಹಳೆಯ ಓಮ್ನಿಗಳು ಮತ್ತು ಮಾರುತಿ 800ಗಳು. ಮೂರು ಸಿಲಿಂಡರಿನ ಆ 796 ಸಿಸಿ ಎಂಜಿನ್ನಿನ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು. ಕೂಲೆಂಟಿನ ಬದಲು ಹಳ್ಳದ ನೀರನ್ನೋ ಬಾವಿಯ ನೀರನ್ನೋ ವರ್ಷಗಟ್ಟಲೆ ಸುರಿದ ಕಾರಣ ನೀರಿನ ಕಂಡಿಗಳ ಸುತ್ತ ಬ್ಲಾಕ್ ತಿಂದುಹೋಗಿ, ಉಗುರಿಗೆ ತಾಗುವಷ್ಟು ಗುಳಿಗಳು ಬಿದ್ದಿರುತ್ತವೆ. ಹೆಡ್ಡನ್ನು ಎಷ್ಟೇ ಚೆನ್ನಾಗಿ ಫೇಸಿಂಗ್ (ಮುಖವನ್ನು ಯಂತ್ರದಲ್ಲಿ ಸವೆಸಿ ಮಟ್ಟ ಮಾಡುವುದು) ಮಾಡಿಸಿ ತಂದರೂ ಅಂಥ ಬ್ಲಾಕಿನ ಮೇಲೆ ಒಣ ಗ್ಯಾಸ್ಕೆಟ್ ಹೆಚ್ಚು ದಿನ ನಿಲ್ಲುವುದಿಲ್ಲ. ಹುಲಿಕಲ್ ಘಾಟಿಯನ್ನು ಲೋಡಿನೊಂದಿಗೆ ಹತ್ತಿಸಿದ ಕೂಡಲೇ ರೇಡಿಯೇಟರಿನಲ್ಲಿ ಗುಳ್ಳೆ ಏಳತೊಡಗುತ್ತದೆ.

ಬ್ಲಾಕಿಗೂ ಫೇಸಿಂಗ್ ಮಾಡಿಸಬಾರದೇ ಎಂದು ಕೇಳುವವರು ಲೆಕ್ಕವನ್ನೂ ಕೇಳಬೇಕು. ಹೆಡ್ ಒಂದನ್ನೇ ಕಳಿಸಿದರೆ ಆರೇಳು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಬ್ಲಾಕಿಗೆ ಕೈ ಹಾಕಿದರೆ ಎಂಜಿನ್ ಇಳಿಸಿ, ಪಿಸ್ಟನ್, ಕ್ರ್ಯಾಂಕ್ ಎಲ್ಲವನ್ನೂ ಬಿಚ್ಚಿ, ಮತ್ತೆ ಕೂರಿಸುವಾಗ ರಿಂಗು, ಬೇರಿಂಗುಗಳನ್ನೂ ಹಾಕಬೇಕಾಗಿ ಬಂದು ಮೊತ್ತ ಹದಿನೈದು ಸಾವಿರವನ್ನು ಸುಲಭವಾಗಿ ದಾಟುತ್ತದೆ. ಗಾಡಿಯ ಬೆಲೆಯೇ ನಲವತ್ತು, ಐವತ್ತು ಸಾವಿರ ಇರುವಾಗ ಅಡಿಕೆ ಕೊಯ್ಲಿಗೆ ಮುಂಚೆ ಅಷ್ಟು ಹಣವನ್ನು ಯಾವ ಗಿರಾಕಿಯೂ ಬಿಚ್ಚುವುದಿಲ್ಲ. ನಾನು ಸೀಲೆಂಟಿನ, ಅಂದರೆ ಗ್ಯಾಸ್ಕೆಟ್ಟಿಗೆ ಬಳಿದು ಸೋರಿಕೆ ತಡೆಯುವ ಲೇಪದ, ದಾರಿ ಹಿಡಿದದ್ದು ಈ ಕಾರಣದಿಂದ.

ಮೊದಲು ನೋಡಿದ್ದು ಎಲ್ಲರ ಕಪಾಟಿನಲ್ಲೂ ಇರುವ, ಅರಗಿನ ಅಂಟಾದ ಶೆಲ್ಯಾಕನ್ನು. ಅದು ಒಣಗಿ ಗಟ್ಟಿಯಾಗುತ್ತದೆ. ಕಾವಿಗೆ ಅಲ್ಯೂಮಿನಿಯಂ ಹೆಡ್ ಕಬ್ಬಿಣದ ಬ್ಲಾಕಿಗಿಂತ ಹೆಚ್ಚು ಹಿಗ್ಗುವುದರಿಂದ, ಕಾದು ತಣಿದು ಕಾದು ತಣಿದು ಅದು ಬಿರುಕು ಬಿಟ್ಟಿತು. ಮುಂದಿನ ಪ್ರಯೋಗ ಹಳೆಯ ಲಾರಿ ಮೇಸ್ತ್ರಿಗಳ ಸಿಲ್ವರ್ ಪೇಂಟ್. ಖರ್ಚು ನೂರು ರೂಪಾಯಿಯೂ ಇಲ್ಲ, ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು; ಮತ್ತೆ ನೀರು ಕಡಿಮೆಯಾಗತೊಡಗಿದಾಗ ಬಿಚ್ಚಿ ನೋಡಿದರೆ ಫೈರ್ ರಿಂಗಿನ (ಗ್ಯಾಸ್ಕೆಟ್ಟಿನಲ್ಲಿ ಸಿಲಿಂಡರಿನ ಬಾಯಿಯ ಸುತ್ತ ಇರುವ ಲೋಹದ ಬಳೆ) ಸುತ್ತಲಿನ ಪೇಂಟ್ ಸುಟ್ಟು ಪುಡಿಯಾಗಿತ್ತು. ಆ ಎರಡೂ ಗಾಡಿಗಳಿಗೆ ಎರಡನೆಯ ಸಲದ ಗ್ಯಾಸ್ಕೆಟ್, ಕೂಲೆಂಟ್, ಆಯಿಲ್ ಎಲ್ಲವೂ ನನ್ನ ಕೈಯಿಂದಲೇ ಹೋದವು.

ಟ್ಯೂಬಿನಲ್ಲಿ ಬರುವ ಸಿಲಿಕೋನ್ ಅಂಟನ್ನು ಹೆಡ್ ಗ್ಯಾಸ್ಕೆಟ್ಟಿಗೆ ನಾನು ಎಂದೂ ಹಾಕಿಲ್ಲ, ಹಾಕಿದವರ ಎಂಜಿನ್ನುಗಳನ್ನು ಬಿಚ್ಚಿದ್ದೇನೆ. ಹೆಡ್ ಬಿಗಿಯಾದಂತೆ ಹೊರಗೆ ಹಿಂಡಿ ಬಂದ ಸಿಲಿಕೋನ್ ಹೊರಗಡೆ ಕಾಣುವಷ್ಟೇ ಒಳಗಡೆಯೂ ಇರುತ್ತದೆ. ಒಂದು 800ರಲ್ಲಿ ಅದರ ತುಂಡು ಮೇಲಕ್ಕೆ ಆಯಿಲ್ ಹೋಗುವ ಕಂಡಿಗೆ ಸಿಕ್ಕಿಕೊಂಡು, ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಒಣಗಿ ಗೀರುಬಿದ್ದಿತ್ತು. ಅಲ್ಲದೆ ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ನಮ್ಮ ಆಷಾಢದಲ್ಲಿ ಅದನ್ನು ಹರಡಿ ಮುಗಿಸುವಷ್ಟರಲ್ಲಿ ಮೇಲೆ ಕೆನೆ ಕಟ್ಟಿರುತ್ತದೆ.

ಕೊನೆಗೆ ನಿಂತದ್ದು ತಾಮ್ರದ ಪುಡಿ ಇರುವ ಗ್ಯಾಸ್ಕೆಟ್ ಸ್ಪ್ರೇ. ಡಬ್ಬಿಗೆ ಎಂಟುನೂರರ ಆಸುಪಾಸು ಕೊಟ್ಟ ನೆನಪು, ಮಿತವಾಗಿ ಹೊಡೆದರೆ ನಾಲ್ಕೈದು ಎಂಜಿನ್ನಿಗೆ ಬರುತ್ತದೆ. ಇದನ್ನು ಗ್ರ್ಯಾಫೈಟ್ ಮುಖದ ಹಳೆಯ ಮಾದರಿಯ ಗ್ಯಾಸ್ಕೆಟ್ಟಿಗೆ ಮಾತ್ರ ಬಳಸುತ್ತೇನೆ. ಉಕ್ಕಿನ ಹಲವು ಪದರುಗಳ ಹೊಸ ಗ್ಯಾಸ್ಕೆಟ್ಟುಗಳಿಗೆ ಕಂಪನಿಯವರೇ ರಬ್ಬರಿನ ತೆಳು ಲೇಪ ಕೊಟ್ಟಿರುತ್ತಾರೆ, ಅವುಗಳ ಮೇಲೆ ಏನನ್ನೂ ಬಳಿಯಬಾರದು.

ಸ್ಪ್ರೇಗಿಂತ ಅದರ ಹಿಂದಿನ ಕೆಲಸವೇ ದೊಡ್ಡದು. ಹೆಡ್ಡಿನ ಮೇಲೆ ಸ್ಟ್ರೇಟ್ ಎಡ್ಜ್ (ನೇರವಾದ ಉಕ್ಕಿನ ಪಟ್ಟಿ) ಇಟ್ಟು, ಅದರಡಿ ಫೀಲರ್ ಗೇಜಿನ (ಸಂದು ಅಳೆಯುವ ತೆಳು ಎಲೆಗಳ ಸಾಧನ) 0.05 ಮಿ.ಮೀ. ಎಲೆ ನುಗ್ಗಿದರೆ ಅದು ಫೇಸಿಂಗಿಗೆ ಹೋಗಲೇಬೇಕು. ಸೀಲೆಂಟ್ ಗುಳಿಯನ್ನು ತುಂಬುತ್ತದೆಯೇ ಹೊರತು ಬೆಂಡನ್ನು ತುಂಬುವುದಿಲ್ಲ. ಬ್ಲಾಕಿನ ಗುಳಿ ಫೈರ್ ರಿಂಗ್ ಕೂರುವ ಜಾಗವನ್ನು ಮುಟ್ಟಿದ್ದರೆ ನಾನು ಗಾಡಿಯನ್ನು ವಾಪಸು ಕಳಿಸುತ್ತೇನೆ. ಬೋಲ್ಟಿನ ಕಂಡಿಗಳಲ್ಲಿ ನೀರೋ ಆಯಿಲೋ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಒತ್ತಡಕ್ಕೆ ಬ್ಲಾಕೇ ಸೀಳಬಹುದಾದ್ದರಿಂದ ಪ್ರತಿಯೊಂದಕ್ಕೂ ಗಾಳಿ ಹೊಡೆಯುತ್ತೇನೆ. ನಂತರ ಎರಡೂ ಮುಖಗಳನ್ನು ಥಿನ್ನರಿನಲ್ಲಿ ಒರೆಸಿ, ಗ್ಯಾಸ್ಕೆಟ್ಟಿನ ಎರಡೂ ಬದಿಗೆ ತೆಳ್ಳಗೆ ಎರಡು ಕೋಟ್ ಹೊಡೆಯುತ್ತೇನೆ. ಗ್ರ್ಯಾಫೈಟಿನ ಕಪ್ಪು ಮುಚ್ಚಿದರೆ ಸಾಕು, ಗೋಡೆಗೆ ಸುಣ್ಣ ಬಳಿದಂತೆ ಬಳಿಯುವ ಕೆಲಸವಲ್ಲ ಇದು. ಬೇಸಿಗೆಯಲ್ಲಿ ಹತ್ತು ನಿಮಿಷದಲ್ಲಿ ಬೆರಳಿಗೆ ಅಂಟುವ ಹದ ಬರುತ್ತದೆ. ಮಳೆಗಾಲದಲ್ಲಿ ಅರ್ಧ ಗಂಟೆ ಕಾದರೂ ಬಾರದಿದ್ದುದರಿಂದ ಗ್ಯಾಸ್ಕೆಟ್ಟನ್ನು ನೂರು ವ್ಯಾಟಿನ ಹಳೆಯ ಬಲ್ಬಿನ ಕೆಳಗೆ ತೂಗುಹಾಕುವ ಏರ್ಪಾಡು ಮಾಡಿಕೊಂಡಿದ್ದೇನೆ. ಅದೇ ಬಲ್ಬನ್ನು ರಾತ್ರಿ ಬ್ಲಾಕಿನ ಮೇಲೂ ಇಳಿಬಿಡುತ್ತೇನೆ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಒರೆಸಿಟ್ಟ ಮುಖಕ್ಕೆ ತುಕ್ಕಿನ ಬಣ್ಣ ಬಂದಿರುತ್ತದೆ.

ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಕೊನೆಗೆ ಸುಮಾರು ಆರು ಕೆ.ಜಿ.-ಮೀಟರ್ ಟಾರ್ಕಿಗೆ (ತಿರುಚುವ ಬಲದ ಅಳತೆ) ಬಿಗಿಯುತ್ತೇನೆ. ಎಂಜಿನ್ನನ್ನು ಫ್ಯಾನ್ ತಿರುಗುವವರೆಗೆ ಓಡಿಸಿ, ರಾತ್ರಿಯೆಲ್ಲ ತಣಿಯಲು ಬಿಟ್ಟು, ಮರುದಿನ ಮತ್ತೊಮ್ಮೆ ಟಾರ್ಕ್ ನೋಡಿ ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸುತ್ತೇನೆ. ಈ ಮರುದಿನದ ಕೆಲಸವನ್ನು ಬಿಡುವವರು ಸೀಲೆಂಟನ್ನು ದೂರುವುದನ್ನು ಕೇಳಿದ್ದೇನೆ. ಇನ್ನು ನೀರಿನ ಕಂಡಿಯ ಆಳವಾದ ಗುಳಿಗಳಿಗೆ ಸ್ಪ್ರೇಗೆ ಮುಂಚೆ ನಾನು ಏನು ತುಂಬುತ್ತೇನೆ, ಅದನ್ನು ಯಾವ ಕಲ್ಲಿನಿಂದ ಮಟ್ಟ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯಲಾರೆ. ನನ್ನ ಹೊಟ್ಟೆಪಾಡು ನಿಂತಿರುವುದು ಅದರ ಮೇಲೆ.

ಈ ರೀತಿ ಕಟ್ಟಿದ ಮೊದಲ ಓಮ್ನಿ ಹೊಸನಗರದ ಕಡೆಯ ತೋಟದವರದು. ‘ಮಳೆಗಾಲ ಕಳೆಯುವುದಿಲ್ಲ ಬಿಡಿ ಮಾರಾಯ್ರೆ’ ಎಂದು ಪಕ್ಕದ ಗ್ಯಾರೇಜಿನ ಹಿರಿಯ ಮೇಸ್ತ್ರಿಗಳು ಎಲ್ಲರೆದುರು ಹೇಳಿದ್ದರು. ಆ ಗಾಡಿ ಅಡಿಕೆ ಮೂಟೆ ಹೊತ್ತು ಘಾಟಿ ಇಳಿದು ಹತ್ತುತ್ತ ಮೂವತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿದೆ, ಹೆಡ್ಡಿಗೆ ಮತ್ತೆ ಕೈ ಹಾಕಿಲ್ಲ. ಕಳೆದ ಸಲ ಸರ್ವಿಸಿಗೆ ಬಂದಾಗ ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ನೋಡಿದೆ. ಮೂರೂ ಸಿಲಿಂಡರುಗಳು 160 ಪಿಎಸ್‌ಐ ಆಸುಪಾಸಿನಲ್ಲಿ, ಒಂದಕ್ಕೊಂದು ಹತ್ತರ ಒಳಗಿನ ವ್ಯತ್ಯಾಸದಲ್ಲಿದ್ದವು. ಮೇಸ್ತ್ರಿಗಳನ್ನು ಕರೆದು ಗೇಜನ್ನು ಅವರ ಕೈಗೇ ಕೊಟ್ಟೆ. ಅವರು ಏನೂ ಹೇಳಲಿಲ್ಲ, ಆದರೆ ಮುಂದಿನ ವಾರ ಅವರ ಹುಡುಗ ಸ್ಪ್ರೇ ಡಬ್ಬಿ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಬಂದ.

ನಡುವೆ ಗಟ್ಟಿಯಾಗದೆ ಮೆತ್ತಗೇ ಉಳಿಯುವ ನೀಲಿ ಬಣ್ಣದ ಹೈಲೋಮಾರ್ ಎಂಬ ಸೀಲೆಂಟನ್ನೂ ಒಂದು 800ಕ್ಕೆ ಹಾಕಿ ನೋಡಿದೆ. ಸೋರಿಕೆ ಇಲ್ಲ, ಬಿಚ್ಚುವಾಗ ಗ್ಯಾಸ್ಕೆಟ್ ತುಂಡಾಗದೆ ಎದ್ದು ಬಂತು. ಆದರೆ ಆಳದ ಗುಳಿಯಲ್ಲಿ ಅದು ತಾಮ್ರದಷ್ಟು ನಿಲ್ಲಲಿಲ್ಲ, ಬೆಲೆಯೂ ಹೆಚ್ಚು. ಈಗ ಹೆಡ್ ಕೆಲಸಕ್ಕೆ ಗ್ಯಾಸ್ಕೆಟ್, ಫೇಸಿಂಗ್, ಸ್ಪ್ರೇ, ಕೂಲೆಂಟ್, ಆಯಿಲ್, ಕೂಲಿ ಸೇರಿ ಐದೂವರೆ ಸಾವಿರದ ಹತ್ತಿರ ತೆಗೆದುಕೊಳ್ಳುತ್ತೇನೆ. ಕೂಲೆಂಟ್ ಬೇಡ, ಬಾವಿಯ ನೀರೇ ಸಾಕು ಎನ್ನುವ ಗಿರಾಕಿಗೆ ಕೆಲಸ ಮಾಡಿಕೊಡುತ್ತೇನೆ, ಗ್ಯಾರಂಟಿ ಮಾತ್ರ ಕೊಡುವುದಿಲ್ಲ.