ಸಹಕಾರಿ ಸೊಸೈಟಿಯ ವಾರ್ಷಿಕ ವರದಿ ಓದುವುದು ಹೇಗೆ?

ನಾಡು ಸಿರಿವಂತವಾಗಲು ಒಳ್ಳೆಯ ಮಣ್ಣು, ಮಳೆ, ಯಂತ್ರ ಇದ್ದರೆ ಸಾಲದು. ದುಡ್ಡು ಯಾರ ಕೈಯಲ್ಲಿದೆ, ಅವರು ಯಾರಿಗೆ ಲೆಕ್ಕ ಕೊಡಬೇಕು ಎನ್ನುವುದೂ ಅಷ್ಟೇ ಮುಖ್ಯ. ಸಹಕಾರ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ 1920ರಲ್ಲಿ ಕೆಡಿಸಿಸಿ (ಕೆನರಾ ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕ್, 1923ರಲ್ಲಿ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಬಂದವು. ಸಾಲ ಕೊಟ್ಟ ಸಾಹುಕಾರನೇ ಅಡಿಕೆ ತೂಗಿ ದರವನ್ನೂ ಹೇಳುತ್ತಿದ್ದ ಕಡೆ ತೋಟಿಗರು ತಮ್ಮದೇ ತಕ್ಕಡಿ, ವಖಾರಿ (ಗೋದಾಮು), ಟೆಂಡರು ಕಟ್ಟಿಕೊಂಡರು.

ಸಂಸ್ಥೆ ಬೆಳೆದಂತೆ ಅಧಿಕಾರ ಆಡಳಿತ ಮಂಡಳಿಯಲ್ಲಿ ಗಟ್ಟಿಯಾಗುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡಲು ಸಾಮಾನ್ಯ ಸದಸ್ಯರಿಗಿರುವುದು ಒಂದು ಮತ ಮತ್ತು ವರ್ಷಕ್ಕೊಮ್ಮೆ ಸಿಗುವ ವರದಿ ಪುಸ್ತಕ. ಷೇರು ಎಷ್ಟೇ ಇದ್ದರೂ ಮತ ಒಂದೇ.

ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಸರ್ವಸಾಧಾರಣ ಸಭೆ ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರಿನೊಳಗೆ ಆಗಬೇಕು. ನೋಟಿಸು ಬಂದ ದಿನವೇ ವರದಿ ಕೇಳಿ ಪಡೆಯಿರಿ. ಸಭೆಯ ಬೆಳಿಗ್ಗೆ ಬಾಗಿಲಲ್ಲಿ ಕೈಗೆ ಸಿಕ್ಕ ಪುಸ್ತಕವನ್ನು ಊಟದೊಳಗೆ ಓದಿ ಮುಗಿಸಲು ಯಾರಿಗೂ ಆಗದು. ಹಿಂದಿನ ಎರಡು ವರ್ಷದ ವರದಿಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಮೊದಲು ಆಡಿಟ್ ವರ್ಗ, ಅಂದರೆ ಆಡಿಟರು ಸಂಘಕ್ಕೆ ಕೊಟ್ಟ ದರ್ಜೆ ನೋಡಿ. ‘ಅ’ ಇದ್ದದ್ದು ‘ಬ’ ಆಗಿದ್ದರೆ ಕಾರಣ ಆಡಿಟರ ವರದಿಯ ನ್ಯೂನತೆಗಳ ಪಟ್ಟಿಯಲ್ಲಿರುತ್ತದೆ. ನಿವ್ವಳ ಲಾಭದ ಕನಿಷ್ಠ ಶೇ 25 ಕಾಯ್ದಿಟ್ಟ ನಿಧಿಗೆ ಹೋಗಿದೆಯೇ ಎಂದೂ ನೋಡಿ. ಇವೆರಡು ಐದು ನಿಮಿಷದ ಕೆಲಸ.

ನಿಜವಾದ ಸಮಯ ಕೊಡಬೇಕಾದದ್ದು ‘ತಗಾದೆ–ವಸೂಲಿ–ಬಾಕಿ’ ತಖ್ತೆಗೆ. ಒಟ್ಟು ಸಾಲ 10 ಕೋಟಿ, ಈ ವರ್ಷ ವಸೂಲಾಗಬೇಕಿದ್ದದ್ದು (ಅದೇ ತಗಾದೆ) 4 ಕೋಟಿ, ಬಾರದೆ ಉಳಿದದ್ದು 60 ಲಕ್ಷ ಎಂದಿಟ್ಟುಕೊಳ್ಳಿ. ತಗಾದೆಯ ಮೇಲೆ ಲೆಕ್ಕ ಹಾಕಿದರೆ ಕಟಬಾಕಿ ಶೇ 15. ಒಟ್ಟು ಸಾಲದ ಮೇಲೆ ಹಾಕಿದರೆ ಬರೀ ಶೇ 6. ಅಧ್ಯಕ್ಷರ ಭಾಷಣದಲ್ಲಿ ಬರುವುದು ಯಾವುದು ಎಂದು ಕೇಳಿ ಬರೆದುಕೊಳ್ಳಿ. ಮಾರ್ಚ್ ಕೊನೆಯ ವಾರದ ವಸೂಲಿಯನ್ನೂ ಏಪ್ರಿಲ್ ಮೊದಲ ವಾರದ ಹೊಸ ಸಾಲವನ್ನೂ ಕೇಳಿ ಪಡೆಯಿರಿ. ಅದೇ ಹೆಸರಿಗೆ ಹೆಚ್ಚುಕಮ್ಮಿ ಅದೇ ಮೊತ್ತ ಹೋಗಿದ್ದರೆ ವಸೂಲಿ ಕಾಗದದ ಮೇಲೆ ಮಾತ್ರ ಆಗಿರಬಹುದು. ಬೆಳೆಸಾಲ ಪ್ರತಿವರ್ಷ ತುಂಬಿ ಮತ್ತೆ ಎತ್ತುವುದು ರೂಢಿ, ಅದರಲ್ಲಿ ತಪ್ಪಿಲ್ಲ. ಅನುಮಾನಿಸಬೇಕಾದದ್ದು ದೊಡ್ಡ ಮೊತ್ತದ ಬೇರೆ ಸಾಲಗಳನ್ನು.

ಆಮೇಲೆ ಅಢಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟಿನ) ‘ಬರತಕ್ಕ ಬಡ್ಡಿ’, ಅಂದರೆ ಆದಾಯವೆಂದು ಬರೆದುಕೊಂಡರೂ ಇನ್ನೂ ಕೈಗೆ ಬಾರದ ಬಡ್ಡಿ. ಲಾಭ 20 ಲಕ್ಷ ಎಂದು ಬರೆದು, ಬರತಕ್ಕ ಬಡ್ಡಿ ಅದೇ ವರ್ಷ 35 ಲಕ್ಷ ಏರಿದ್ದರೆ ಆ ಲಾಭ ಇನ್ನೂ ತಿಜೋರಿಗೆ ಬಂದಿಲ್ಲ. ಅದನ್ನು ನಂಬಿ ಡಿವಿಡೆಂಡ್ ಹಂಚಿದರೆ ಠೇವುದಾರರ (ಠೇವಣಿ ಇಟ್ಟವರ) ದುಡ್ಡೇ ಹೋಗುತ್ತದೆ. ಆದರೆ ತಕ್ಷಣ ಕೂಗಾಡಬೇಡಿ. ರಾಜ್ಯದಲ್ಲಿ ಗಡುವಿನೊಳಗೆ ತೀರಿಸಿದ 5 ಲಕ್ಷದವರೆಗಿನ ಬೆಳೆಸಾಲಕ್ಕೆ ರೈತರಿಂದ ಬಡ್ಡಿ ಇಲ್ಲ, ಅದನ್ನು ಸರ್ಕಾರ ತುಂಬಿಕೊಡಬೇಕು. ಸರ್ಕಾರದಿಂದ ಬರಬೇಕಾದದ್ದೆಷ್ಟು, ಸಾಲಗಾರರಿಂದ ಎಷ್ಟು ಎಂದು ಬಿಡಿಸಿ ಕೇಳಿ.

ಅಡಿಕೆ ಮೇಲಿನ ಮುಂಗಡಕ್ಕೆ ಬೇರೆಯೇ ಅಪಾಯ. ಕ್ವಿಂಟಲಿಗೆ 40,000 ದರವಿದ್ದಾಗ ಮುಕ್ಕಾಲು ಪಾಲು, ಅಂದರೆ 30,000 ಕೊಟ್ಟು, ದರ 28,000ಕ್ಕೆ ಇಳಿದರೆ ವಖಾರಿಯ ಚೀಲ ಮಾರಿದರೂ ಸಾಲ ತೀರದು. ದಾಸ್ತಾನನ್ನು ಯಾವ ದಿನದ ದರಕ್ಕೆ ಕಟ್ಟಿದ್ದಾರೆ, ಚಾಲಿ, ರಾಶಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳನ್ನು ಬೇರೆಬೇರೆ ತೂಗಿದ್ದಾರೆಯೇ, ಒಣಗಿದ ತೂಕವನ್ನು ಎಷ್ಟು ಕಳೆದಿದ್ದಾರೆ ಎಂದು ಕೇಳಿ. ಕಾರವಾರ, ಕುಮಟಾ ಕಡೆಯ ಮೀನುಗಾರರ ಸಂಘಗಳಲ್ಲಿ ಇದೇ ಪ್ರಶ್ನೆಯನ್ನು ಡೀಸೆಲ್ ದಾಸ್ತಾನಿಗೆ ಹಾಕಬಹುದು.

2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿಯ ಯೋಜನೆ ಒಪ್ಪಿತು. ಒಳ್ಳೆಯದೇ. ಆದರೂ ನಮೂದಿಸುವವರು, ಮಂಜೂರು ಮಾಡುವವರು ಒಂದೇ ಪಾಸ್‌ವರ್ಡ್ ಬಳಸಿದರೆ ಕಂಪ್ಯೂಟರ್ ಸುಳ್ಳನ್ನೇ ಅಚ್ಚುಕಟ್ಟಾಗಿ ಮುದ್ರಿಸುತ್ತದೆ. ನಿಮ್ಮ ಠೇವು, ಸಾಲದ ಶಿಲ್ಕನ್ನು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಿ, ಸಹಿ ಹಾಕಿಸಿಕೊಳ್ಳಿ.

ಪ್ರಶ್ನೆ ಮೂರೇ ಇರಲಿ, ಪುಟಸಂಖ್ಯೆ ಸಹಿತ ಬರೆದು ಸಭೆಗೆ ಮೊದಲೇ ಕಚೇರಿಗೆ ಕೊಡಿ. ನಿಂತು ಕೇಳಿದ್ದು ಗದ್ದಲದಲ್ಲಿ ಕಳೆದುಹೋಗುತ್ತದೆ. ಬರೆದದ್ದನ್ನು ಉತ್ತರದೊಂದಿಗೆ ನಡಾವಳಿಯಲ್ಲಿ ದಾಖಲಿಸಿ ಎಂದು ಪಟ್ಟು ಹಿಡಿಯಬಹುದು. ಉತ್ತರ ಬಾರದಿದ್ದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಬರೆಯಿರಿ. 1959ರ ರಾಜ್ಯ ಕಾಯ್ದೆಯಲ್ಲಿ ವಿಚಾರಣೆಗೆ ಕಲಂ 64, ವ್ಯಾಜ್ಯಕ್ಕೆ ಕಲಂ 70 ಇವೆ. ಸೊಸೈಟಿಗೇ ಆರ್‌ಟಿಐ (ಮಾಹಿತಿ ಹಕ್ಕು ಕಾಯ್ದೆ) ಅರ್ಜಿ ಹಾಕಿದರೆ ಸಾಮಾನ್ಯವಾಗಿ ನಿಲ್ಲದು. ಸರ್ಕಾರದ ಗಣನೀಯ ಹಣವಿಲ್ಲದ ಸಂಘ ಸಾರ್ವಜನಿಕ ಪ್ರಾಧಿಕಾರವಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ನಿಬಂಧಕರ ಕಚೇರಿಗೆ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ. ಆಡಿಟ್ ವರದಿಯ ಪ್ರತಿಗೆ ಅರ್ಜಿಯನ್ನು ಅಲ್ಲಿಗೆ ಹಾಕಿ, ತಾರೀಕಿನ ಮುದ್ರೆಯಿರುವ ಸ್ವೀಕೃತಿ ಪಡೆದುಕೊಳ್ಳಿ.