ಮುರುಗಲು ಕೈಕೊಟ್ಟಿತು, ಪೇರಲೆ ಎಲೆ ಕಾಪಾಡಿತು

ಗ್ರಾಫೀನ್ ಎಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಅದಕ್ಕೆ ಆಮ್ಲಜನಕ ಅಂಟಿಕೊಂಡಿದ್ದರೆ ಗ್ರಾಫೀನ್ ಆಕ್ಸೈಡ್. ಅದರಿಂದ ಗ್ರಾಫೀನಿನಂಥ ಹಾಳೆ ಪಡೆಯಲು ಆ ಆಮ್ಲಜನಕ ಕೀಳಬೇಕು, ಅದಕ್ಕೆ ಸಾಮಾನ್ಯವಾಗಿ ಹೈಡ್ರಜೀನ್ ಎಂಬ ರಾಸಾಯನಿಕ ಬಳಸುತ್ತಾರೆ. ಅದು ವಿಷ. ನಮ್ಮ ಪುಣೆಯ ಲ್ಯಾಬಿನಲ್ಲಿ ಅದರ ಬದಲು ಗಿಡದ ರಸ ಬಳಸೋಣ ಎಂದಾಗ ನನಗೆ ಮೊದಲು ಹೊಳೆದದ್ದು ಮುರುಗಲು, ಅಂದರೆ ಕೋಕಂ. ಶಿರಸಿ ಕಡೆಯವನಿಗೆ ಇನ್ನೇನು ಹೊಳೆಯುತ್ತದೆ?

ಮಂಡಯಿ ಮಾರುಕಟ್ಟೆಯಿಂದ ಆಮಸೂಲ್ (ಒಣಗಿಸಿದ ಮುರುಗಲು ಸಿಪ್ಪೆ) ತಂದು ಕುದಿಸಿ ಸೋಸಿದೆ. ಕೆಂಪು ರಸ ನೋಡಲು ಚೆಂದವಿತ್ತು. ಗ್ರಾಫೀನ್ ಆಕ್ಸೈಡ್ ಬೆರೆಸಿದ್ದೇ ತಡ, ಒಡೆದ ಹಾಲಿನ ಹಾಗೆ ಎಲ್ಲ ತಳಕ್ಕೆ ಕೂತಿತು. ಹುಳಿಯಲ್ಲಿ ಹಾಳೆಗಳ ಋಣ ವಿದ್ಯುದಂಶ ಕಡಿಮೆಯಾಗುತ್ತದೆ. ಒಂದನ್ನೊಂದು ದೂರ ತಳ್ಳುವುದು ಬಿಟ್ಟು ಅಂಟಿಕೊಳ್ಳುತ್ತವೆ. ಸಾಲದ್ದಕ್ಕೆ ಆ ಆಮಸೂಲಿಗೆ ಉಪ್ಪು ಬೇರೆ ಹಾಕಿದ್ದರು!

ನಾನಿದ್ದ ಮನೆಯ ಹಿಂದೆ ಪೇರಲೆ ಮರವಿತ್ತು. ಎಲೆ ಕೀಳುವಾಗ ಮನೆಯ ಅಜ್ಜಿ, ಬೆಳಗಾವಿ ಕಡೆಯವರು, "ಹೊಟ್ಟಿ ಕೆಟ್ಟೈತೇನಪ್ಪಾ?" ಎಂದು ಕೇಳಿದರು. ಲ್ಯಾಬಿಗೆ ಅಂದೆ. ನಂಬಲಿಲ್ಲ.

10 ಗ್ರಾಂ ಎಲೆಯನ್ನು 100 ಮಿಲಿ ಡಿಸ್ಟಿಲ್ಡ್ ನೀರಲ್ಲಿ ಅರ್ಧ ಗಂಟೆ ಕಾಯಿಸಿ ಸೋಸಿದೆ. 50 ಮಿಲಿಗ್ರಾಂ ಗ್ರಾಫೀನ್ ಆಕ್ಸೈಡನ್ನು 100 ಮಿಲಿ ನೀರಲ್ಲಿ ಸೋನಿಕೇಟರ್‌ನಲ್ಲಿಟ್ಟು, ಅಂದರೆ ಶಬ್ದದ ಅಲೆಗಳಿಂದ ಅಲುಗಿಸಿ, ಹಾಳೆಹಾಳೆಯಾಗಿ ಬಿಡಿಸಿದೆ. ಎರಡನ್ನೂ ಸೇರಿಸಿ, ಅಮೋನಿಯಾ ಹನಿಸಿ ಪಿಎಚ್ 10ರ ಹತ್ತಿರ ತಂದೆ. ಈ ಹಂತ ಮಾತ್ರ ಬಿಡಬೇಡಿ. ಆಮ್ಲಜನಕ ಕೀಳುವುದು ಎಲೆಯಲ್ಲಿರುವ ಪಾಲಿಫಿನಾಲ್ ಎಂಬ ಒಗರು ಪದಾರ್ಥಗಳು. ಕ್ಷಾರದಲ್ಲಿ ಅವು ಅದಕ್ಕೆ ಬೇಕಾದ ಎಲೆಕ್ಟ್ರಾನ್ ಕೊಡಲು ಬೇಗ ಒಪ್ಪುತ್ತವೆ, ಹಾಳೆಗಳೂ ತೇಲಿಕೊಂಡಿರುತ್ತವೆ. 95 ಡಿಗ್ರಿಯಲ್ಲಿ 8 ಗಂಟೆ ಇಟ್ಟ ಮೇಲೆ ಕಂದು ಬಣ್ಣ ಹೋಗಿ ಕಾಡಿಗೆ ಕಪ್ಪು ಬಂತು.

ಕಪ್ಪಾಯಿತು ಅಂತ ಕುಣಿದಾಡಿದೆ. ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ತೋರಿಸುವ ಯುವಿ ಯಂತ್ರದಲ್ಲಿ 230 ನ್ಯಾನೋಮೀಟರಿನ ಶಿಖರ 265ಕ್ಕೆ ಸರಿದಿತ್ತು, ಆಮ್ಲಜನಕ ಹೋದದ್ದರ ಗುರುತು. ಆದರೆ ಎಲೆಯ ಪಾಲಿಫಿನಾಲ್‌ಗಳೂ ಅದೇ ಸುಮಾರಿಗೆ ಬೆಳಕು ಹೀರುತ್ತವೆ, ಅಲ್ವಾ? ನಾನು ನೋಡಿದ್ದು ಗ್ರಾಫೀನೋ, ಬರೀ ಕಷಾಯವೋ? ಬಿಸಿನೀರು, ಆಲ್ಕೊಹಾಲ್ ಹಾಕಿ, ಸೆಂಟ್ರಿಫ್ಯೂಜ್ ತಿರುಗಿಸಿ, ತೊಳೆದ ನೀರಲ್ಲಿ ಬಣ್ಣ ಕಾಣದಷ್ಟು ತೊಳೆದೆ. ಆಮೇಲೆ ಎಕ್ಸ್‌ಆರ್‌ಡಿ (ಎಕ್ಸ್‌ರೇ ಹಾಯಿಸಿ ಹಾಳೆಗಳ ನಡುವಿನ ಅಂತರ ತಿಳಿಯುವ ಪರೀಕ್ಷೆ) ಮಾಡಿಸಿದಾಗ 10 ಡಿಗ್ರಿ ಕೋನದ ಆಸುಪಾಸಿನ ಚೂಪು ಶಿಖರ ಹೋಗಿ 24ರ ಬಳಿ ಅಗಲವಾದ ದಿಬ್ಬ ಎದ್ದಿತ್ತು. ಆಮ್ಲಜನಕ ಹೋಗಿ ಹಾಳೆಗಳು ಹತ್ತಿರ ಬಂದಿದ್ದವು. ಆಗ ನಂಬಿಕೆ ಬಂತು. ಎಲೆ ರಸವನ್ನಷ್ಟೇ ಅಮೋನಿಯಾ ಜೊತೆ ಕಾಯಿಸಿದ ಇನ್ನೊಂದು ಬಾಟಲಿಯನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಇದನ್ನು ಪೂರ್ತಿ ಪರಿಸರಸ್ನೇಹಿ ಎನ್ನಲು ನನಗೆ ನಾಚಿಕೆ. ಹಸಿರಾದದ್ದು ಕೊನೆಯ ಹಂತ ಮಾತ್ರ. ಗ್ರಾಫೀನ್ ಆಕ್ಸೈಡ್ ಮಾಡಿದ್ದು 1958ರ ಹಮ್ಮರ್ಸ್ ವಿಧಾನದಲ್ಲೇ, ಗಂಧಕಾಮ್ಲ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಸುರಿದು. ಆ ಆಮ್ಲ ತೊಳೆಯಲು ಹಿಡಿದ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಳೆಗಾಲದ ಎಳೆ ಎಲೆಯಿಂದ ಇಷ್ಟು ಕಪ್ಪು ಬರಲಿಲ್ಲ. ಹಾಗಾಗಿ ಈಗ ಬಲಿತ ಎಲೆಯನ್ನು ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅಜ್ಜಿಗೆ ಇನ್ನೂ ನನ್ನ ಹೊಟ್ಟೆಯದೇ ಚಿಂತೆ.